ಬಿರುದುಗಳ ನಡುವಿನ ನೊಳಂಬವಾಡಿ

ಆಂಧ್ರಪ್ರದೇಶದ ಮಡಕಶಿರ ಸೀಮೆಯಲ್ಲಿರುವ ಇಂದಿನ ಹೇಮಾವತಿಯೇ ಶಾಸನಗಳ ಹೆಂಜೇರು, ನೊಳಂಬರ ರಾಜಧಾನಿ. ಕರ್ನಾಟಕದ ಶಿರಾ ಸೀಮೆಯ ಮಗ್ಗುಲಲ್ಲೇ ಇರುವ ಈ ಊರು ರಾಜ್ಯದ ಗಡಿಯಿಂದಾಚೆ ಉಳಿದಂತೆ, ಅದನ್ನಾಳಿದ ಮನೆತನವೂ ಗಂಗ, ರಾಷ್ಟ್ರಕೂಟ, ಚೋಳರ ಚರಿತ್ರೆಗಳ ಅಂಚಿನಲ್ಲೇ ಉಳಿದಿದೆ. ನೊಳಂಬರ ಅಂತ್ಯವನ್ನಂತೂ ಶತ್ರುವಿನ ಬಿರುದೊಂದರಿಂದಲೇ ನಿಶ್ಚಯಿಸುವುದು ರೂಢಿಯಾಗಿದೆ.

ಹೇಮಾವತಿಯ ಸ್ತಂಭಶಾಸನ ಈ ವಂಶದ ಮೂಲವನ್ನು ಕಂಚಿಯ ತ್ರಿನಯನ ಪಲ್ಲವನವರೆಗೆ ಒಯ್ಯುತ್ತದೆ. ಹೇಳಿಕೊಂಡ ಕುಲ ಕಂಚಿಯದು. ಶಾಸನಗಳ ಪ್ರಧಾನ ಭಾಷೆ ಕನ್ನಡ. ಗಡಿನಾಡಿನ ಅರಸರಿಗೆ ಇದರಲ್ಲಿ ವಿರೋಧವೇನೂ ಕಂಡಿರಲಿಲ್ಲ. ನೊಳಂಬಳಿಗೆ ಸಾಸಿರದಷ್ಟಿದ್ದ ಅಧಿಕಾರ ಮುಂದೆ ನೊಳಂಬವಾಡಿ ಮೂವತ್ತೆರಡು ಸಾಸಿರವೆಂಬ ಹೆಸರಿಗೆ ಬೆಳೆಯಿತು.

ಆ ಬೆಳವಣಿಗೆಯ ಮುಖ್ಯ ಪುರುಷ ಒಂಬತ್ತನೆಯ ಶತಮಾನದ ಉತ್ತರಾರ್ಧದ ಮಹೇಂದ್ರ. ಬಾಣರನ್ನು ಸೋಲಿಸಿ ಆತ ‘ಮಹಾಬಲಿಕುಲವಿಧ್ವಂಸನ’ನೆನಿಸಿಕೊಂಡನು. ಈಗ ತಮಿಳುನಾಡಿನಲ್ಲಿರುವ ಧರ್ಮಪುರಿ, ಅಂದಿನ ತಗಡೂರು, ಆತನ ಆಳ್ವಿಕೆಗೆ ಸೇರಿತ್ತು. ಅಲ್ಲಿನ 893ರ ಕನ್ನಡ ಶಾಸನದಲ್ಲಿ ನಿಧಿಯಣ್ಣ, ಚಂದಿಯಣ್ಣರೆಂಬ ವರ್ತಕ ಸೋದರರು ಬಸದಿಯೊಂದನ್ನು ಕಟ್ಟಿಸುತ್ತಾರೆ. ನಿಧಿಯಣ್ಣ ಅರಸನಿಂದ ಪಡೆದ ಮೂಲಪಳ್ಳಿಯನ್ನು ಅದಕ್ಕೆ ಬಿಡುತ್ತಾನೆ. ಮಹೇಂದ್ರನ ಮಗ ಅಯ್ಯಪದೇವನೂ ಅದೇ ಬಸದಿಗೆ ದತ್ತಿ ಕೊಟ್ಟನು. ಯುದ್ಧದ ಬಿರುದಿಗಿಂತ ಈ ಎರಡು ತಲೆಮಾರಿನ ದತ್ತಿಯೇ ಆಳ್ವಿಕೆ ನೆಲಕ್ಕೆ ಇಳಿದುದನ್ನು ಹೆಚ್ಚು ಸ್ಪಷ್ಟವಾಗಿ ತೋರಿಸುತ್ತದೆ.

ಗಂಗರೊಡನೆ ನೊಳಂಬರಿಗೆ ಇದ್ದುದು ಹಗೆತನವೊಂದೇ ಅಲ್ಲ. ಬೇಗೂರಿನ ವೀರಗಲ್ಲಿನ ಪ್ರಕಾರ ಗಂಗ ಎರೆಯಪ್ಪನು ಬೀರಮಹೇಂದ್ರನ ವಿರುದ್ಧ ಅಯ್ಯಪದೇವನ ನೆರವಿಗೆ ನಾಗತ್ತರನನ್ನು ಕಳುಹಿಸಿದನು. ನಾಗತ್ತರ ತುಂಬೆಪಾಡಿಯ ಕಾಳಗದಲ್ಲಿ ಮಡಿದನು. ಹತ್ತನೆಯ ಶತಮಾನದ ಮೂರನೆಯ ಪಾದದಲ್ಲಿ ಗಂಗ ಮಾರಸಿಂಹನೇ ‘ನೊಳಂಬಕುಲಾಂತಕ’ನಾದನು.

ಆದರೆ ಕುಲ ಅಳಿಯಲಿಲ್ಲ. ಹನ್ನೊಂದನೆಯ ಶತಮಾನದಲ್ಲಿ ನೊಳಂಬರು ಕಲ್ಯಾಣದ ಚಾಲುಕ್ಯರ ಸಾಮಂತರಾಗಿ ಮತ್ತೆ ಕಾಣಿಸಿಕೊಳ್ಳುತ್ತಾರೆ. ಅಷ್ಟೇ ಅಲ್ಲ, ಚಾಲುಕ್ಯ ರಾಜಕುಮಾರ ಜಯಸಿಂಹನು ಈ ನಾಡನ್ನು ಆಳುವಾಗ ‘ನೊಳಂಬ ಪಲ್ಲವ ಪೆರ್ಮಾನಡಿ’ ಎಂಬ ಅವರ ಹೆಸರನ್ನೇ ತಾಳಿದನು. ಅಂತ್ಯಗೊಂಡ ಕುಲದ ಹೆಸರಿಗೆ ಇಷ್ಟು ಬೆಲೆ ಇರಲಾರದು. ಹನ್ನೆರಡನೆಯ ಶತಮಾನದಲ್ಲಿ ಹೊಯ್ಸಳ ವಿಷ್ಣುವರ್ಧನನ ಬಿರುದುಗಳಲ್ಲಿಯೂ ‘ನೊಳಂಬವಾಡಿಗೊಂಡ’ ಎಂಬುದು ಸೇರಿತು.

ಚೋಳರು ಒಯ್ದುದು ಹೆಸರನ್ನಲ್ಲ, ಕಲ್ಲನ್ನು. ತಂಜಾವೂರಿನ ಬಳಿಯ ತಿರುವಯ್ಯಾರಿನ ದೇವಾಲಯದಲ್ಲಿ ನೊಳಂಬ ಶೈಲಿಯ ಕಂಬಗಳನ್ನು ವಿದ್ವಾಂಸರು ಗುರುತಿಸಿದ್ದಾರೆ. ಹೇಮಾವತಿಯ ಶಿಲ್ಪಗಳಲ್ಲಿ ಹಲವು ಈಗ ಚೆನ್ನೈನ ವಸ್ತುಸಂಗ್ರಹಾಲಯದಲ್ಲಿವೆ. ದೊಡ್ಡೇಶ್ವರನ ಗುಡಿ ಮಾತ್ರ ಹೆಂಜೇರಿನಲ್ಲೇ ನಿಂತಿದೆ.