ಆಮ್ಲಕ್ಕೂ ಉಪ್ಪಿಗೂ ಜಗ್ಗದ ನಿಕಲ್ ಮಿಶ್ರಲೋಹ

ವಿಜಯಪುರ: ಮೈಲುತುತ್ತ ಮತ್ತು ಸುಣ್ಣದಿಂದ ಬೋರ್ಡೋ ದ್ರಾವಣ ತಯಾರಿಸುವಾಗ ಕಬ್ಬಿಣದ ಪಾತ್ರೆ ಬಳಸಬಾರದೆಂಬುದು ತಿಕೋಟಾ, ಬಬಲೇಶ್ವರ ಭಾಗದ ದ್ರಾಕ್ಷಿ ಬೆಳೆಗಾರರು ಬಲ್ಲ ಸಂಗತಿ. ದ್ರಾವಣದಲ್ಲಿ ಅದ್ದಿದ ಕುಡಗೋಲಿನ ಮೇಲೆ ಕೆಂಬಣ್ಣ ಮೂಡಿದರೆ ಸುಣ್ಣ ಸಾಲದೆಂದೇ ಅರ್ಥ. ಕಬ್ಬಿಣವು ಕರಗಿ, ಅದರ ಸ್ಥಾನದಲ್ಲಿ ತಾಮ್ರ ಕೂಡುವುದೇ ಇದಕ್ಕೆ ಕಾರಣ. ತೋಟದಲ್ಲಿ ಪ್ಲಾಸ್ಟಿಕ್ ಡ್ರಮ್ ಸಾಕಾಗುತ್ತದೆ. ಆದರೆ ಕಾರ್ಖಾನೆಗಳಲ್ಲಿ ಕುದಿಯುವ ಆಮ್ಲವನ್ನು ಒತ್ತಡದಲ್ಲಿ ಹಿಡಿದಿಡಬೇಕಾದಾಗ ಪ್ಲಾಸ್ಟಿಕ್ ತಾಳದು. ಅಂಥ ಕಡೆ ನಿಕಲ್ ಮಿಶ್ರಲೋಹಗಳು ನೆರವಿಗೆ ಬರುತ್ತವೆ.

ಇವುಗಳಲ್ಲಿ ಪ್ರಮುಖವಾದುದು ಹ್ಯಾಸ್ಟೆಲಾಯ್ ಸಿ-276. ಇದರಲ್ಲಿ ಶೇ. 57ರಷ್ಟು ನಿಕಲ್, ಶೇ. 16ರಷ್ಟು ಮಾಲಿಬ್ಡಿನಮ್, ಶೇ. 16ರಷ್ಟು ಕ್ರೋಮಿಯಮ್ ಇದ್ದು, ಉಳಿದದ್ದು ಮುಖ್ಯವಾಗಿ ಕಬ್ಬಿಣ ಹಾಗೂ ಟಂಗ್‌ಸ್ಟನ್. ಕ್ರೋಮಿಯಮ್ ಲೋಹದ ಮೇಲ್ಮೈಯಲ್ಲಿ ತೆಳುವಾದ ಆಕ್ಸೈಡ್ ಪದರವನ್ನು ರೂಪಿಸಿ ರಕ್ಷಣೆ ನೀಡುತ್ತದೆ. ಮಾಲಿಬ್ಡಿನಮ್ ಹೈಡ್ರೋಕ್ಲೋರಿಕ್ ಆಮ್ಲವನ್ನು ಎದುರಿಸುವುದಲ್ಲದೆ, ಉಪ್ಪಿನಂಶದಿಂದ ಲೋಹದಲ್ಲಿ ಸಣ್ಣ ಕುಳಿಗಳು ಬೀಳುವುದನ್ನು ತಡೆಯುತ್ತದೆ. ಇಂಗಾಲದ ಅಂಶ ಅತ್ಯಲ್ಪವಾದ್ದರಿಂದ ಬೆಸುಗೆಯ ಅಂಚುಗಳೂ ಸುಲಭವಾಗಿ ನಶಿಸುವುದಿಲ್ಲ. ಇದರ ಸಾಂದ್ರತೆ ಘನ ಸೆಂಟಿಮೀಟರಿಗೆ 8.89 ಗ್ರಾಂ.

ರಾಸಾಯನಿಕ, ಔಷಧ ಹಾಗೂ ಕಾಗದ ತಯಾರಿಕೆಯಲ್ಲಿ ಈ ಲೋಹದ ಬಳಕೆ ಹೆಚ್ಚು. ಕಲ್ಲಿದ್ದಲು ವಿದ್ಯುತ್ ಸ್ಥಾವರಗಳಲ್ಲಿ ಹೊಗೆಯಿಂದ ಗಂಧಕದ ಡೈಆಕ್ಸೈಡನ್ನು ತೆಗೆಯುವ ಘಟಕಗಳಲ್ಲೂ ಇದನ್ನು ಬಳಸಲಾಗುತ್ತದೆ. ಅಲ್ಲಿ ಬಿಸಿ ಹೊಗೆಯನ್ನು ಸುಣ್ಣಕಲ್ಲಿನ ನೀರಿನಿಂದ ತೊಳೆಯುವಾಗ ಆಮ್ಲವೂ ಕ್ಲೋರೈಡೂ ಸೇರಿ ಸಾಮಾನ್ಯ ಸ್ಟೇನ್‌ಲೆಸ್ ಸ್ಟೀಲನ್ನು ತೂತಾಗಿಸುತ್ತವೆ. ಆದ್ದರಿಂದ ಉಕ್ಕಿನ ಗೋಡೆಗೆ ಸುಮಾರು 1.6 ಮಿ.ಮೀ. ದಪ್ಪದ ನಿಕಲ್ ಮಿಶ್ರಲೋಹದ ಹಾಳೆಯನ್ನು ಹೊದಿಸುವ ಪದ್ಧತಿಯಿದೆ. ಜಿಲ್ಲೆಯ ಕೂಡಗಿಯಲ್ಲಿ 2,400 ಮೆಗಾವಾಟ್ ಸಾಮರ್ಥ್ಯದ ಎನ್‌ಟಿಪಿಸಿ ಸ್ಥಾವರವಿರುವುದರಿಂದ ಈ ವಿಷಯ ಇಲ್ಲಿನವರಿಗೆ ದೂರದ್ದಲ್ಲ. ಗಂಧಕದ ಹೊಗೆಗೆ ಕೇಂದ್ರ ಪರಿಸರ ಸಚಿವಾಲಯವು 2015ರ ಡಿಸೆಂಬರ್‌ನಲ್ಲಿ ಮಿತಿ ವಿಧಿಸಿತ್ತು. 2025ರ ಜುಲೈನಲ್ಲಿ ದೇಶದ ಹೆಚ್ಚಿನ ಸ್ಥಾವರಗಳಿಗೆ ಷರತ್ತಿನ ಮೇಲೆ ಈ ನಿಯಮವನ್ನು ಸಡಿಲಿಸಿತು. ಇಂಥ ಘಟಕಗಳ ಭಾರಿ ವೆಚ್ಚವೂ ಈ ಚರ್ಚೆಯ ಭಾಗವಾಗಿತ್ತು.

ಇದೇ ಬಳಗದ ಮೋನೆಲ್ 400ರಲ್ಲಿ ಮೂರನೇ ಎರಡು ಪಾಲು ನಿಕಲ್, ಉಳಿದದ್ದು ಬಹುತೇಕ ತಾಮ್ರ. ಸಮುದ್ರದ ನೀರಿಗೂ ಹೈಡ್ರೋಫ್ಲೋರಿಕ್ ಆಮ್ಲಕ್ಕೂ ಇದು ಒಗ್ಗುತ್ತದೆ; ಆದರೆ ನೈಟ್ರಿಕ್ ಆಮ್ಲಕ್ಕೆ ಸಲ್ಲದು. ಎಲ್ಲ ಆಮ್ಲಗಳಿಗೂ ಒಂದೇ ಲೋಹ ಎಂಬುದಿಲ್ಲ.

ನಿಕಲ್ ಮಿಶ್ರಲೋಹದ ಬೆಲೆ ಸ್ಟೇನ್‌ಲೆಸ್ ಸ್ಟೀಲಿಗಿಂತ ಹಲವು ಪಟ್ಟು ಹೆಚ್ಚು. ಡೋಣಿ ಹೊಳೆಯ ಸವಳು ನೀರನ್ನೆತ್ತುವ ಪಂಪಿಗೆ ಇಷ್ಟು ದುಬಾರಿ ಲೋಹ ಬೇಕಿಲ್ಲ. ದ್ರವ ಯಾವುದು, ಅದರ ಉಷ್ಣತೆ ಎಷ್ಟು, ಕ್ಲೋರೈಡ್ ಪ್ರಮಾಣವೆಷ್ಟು ಎಂಬ ಮೂರನ್ನೂ ಅರಿತು ಲೋಹವನ್ನು ಆಯ್ದರೆ ಹಣವೂ ಉಳಿಯುತ್ತದೆ, ಆಮ್ಲ ಸೋರಿ ಕಾರ್ಮಿಕರಿಗೆ ಒದಗಬಹುದಾದ ಅಪಾಯವೂ ತಪ್ಪುತ್ತದೆ.