ಮುಂಗಾರಿನ ಗಾಳಿ, ಊರು ಬಿಡದ ತಿಮಿಂಗಿಲ

ಜೂನ್ ಬಂತೆಂದರೆ ಕುಷ್ಟಗಿ ತಾಲ್ಲೂಕಿನ ತಾವರಗೇರಾದಲ್ಲಿ ಎಲ್ಲರ ಕಣ್ಣು ಪಡುವಣದ ಕಡೆಗೆ. ಮಿರಗದ ಮಳೆ ಬಿದ್ದರೆ ಸಜ್ಜೆ, ತೊಗರಿಯ ಬಿತ್ತನೆ. ಮೋಡ ಬರುತ್ತವೆ, ಗಾಳಿ ಧೂಳೆಬ್ಬಿಸುತ್ತದೆ. ಎಷ್ಟೋ ಸಲ ಹನಿ ಮಾತ್ರ ಬೀಳದೆ ಮೋಡ ಮೂಡಣಕ್ಕೆ ದಾಟಿಬಿಡುತ್ತವೆ. ಅರಬ್ಬಿ ಸಮುದ್ರದಿಂದ ಹೊತ್ತು ತಂದ ನೀರನ್ನು ಸಹ್ಯಾದ್ರಿಯ ಆಚೆ ಮಗ್ಗುಲಿಗೇ ಸುರಿದು, ಗಾಳಿ ಬಹುಪಾಲು ಬರಿಗೈಯಲ್ಲಿ ಇಳಿದು ಬರುವ ಮಳೆನೆರಳಿನ ಸೀಮೆ ಇದು. ಕರಾವಳಿಯಲ್ಲಿ ವರ್ಷದ ಮಳೆ 3,000 ಮಿ.ಮೀ. ಮೀರಿದರೆ ಇಲ್ಲಿ 600 ಮಿ.ಮೀ. ಆಸುಪಾಸು. ಊರಿನ ಹೆಸರಿನಲ್ಲಿ ಕೆರೆಯೂ ಇದೆ, ತಾವರೆಯೂ ಇದೆ. ನೀರಿನ ಮಾತು ಬೇರೆ.

ತಾವರಗೇರಾಕ್ಕೆ ಇಷ್ಟು ಜಿಪುಣತನ ತೋರುವ ಈ ನೈರುತ್ಯ ಮಾರುತ ಸಮುದ್ರದ ಆಚೆ ದಡದಲ್ಲಿ ಮಾತ್ರ ಧಾರಾಳಿ. ಅಲ್ಲಿ ಅದು ಒಂದು ತಿಮಿಂಗಿಲ ಸಂತತಿಯನ್ನೇ ಸಾಕಿಕೊಂಡು ಬಂದಿದೆ. ಈ ಸಂಗತಿ ಲೋಕಕ್ಕೆ ತಿಳಿದದ್ದು ಒಂದು ಗುಟ್ಟಿನ ಹತ್ಯಾಕಾಂಡದ ಕಡತಗಳಿಂದ.

ಗೂನು ಬೆನ್ನಿನ ತಿಮಿಂಗಿಲ, ಅಂದರೆ ಹಂಪ್‌ಬ್ಯಾಕ್, ಹದಿನಾಲ್ಕು–ಹದಿನೈದು ಮೀಟರ್ ಉದ್ದ, ಮೂವತ್ತು ಟನ್ನಿನಷ್ಟು ತೂಕ ಬೆಳೆಯುವ ಪ್ರಾಣಿ. ಮೀನಲ್ಲ, ಮರಿಗೆ ಹಾಲೂಡುವ ಸಸ್ತನಿ. ದೇಹದ ಮೂರನೇ ಒಂದು ಪಾಲಿನಷ್ಟು ಉದ್ದದ ಎದೆರೆಕ್ಕೆಗಳಿಂದ ಅದಕ್ಕೆ ವಿಜ್ಞಾನಿಗಳು ‘ದೊಡ್ಡ ರೆಕ್ಕೆಯದು’ ಎಂಬರ್ಥದ ಮೆಗಾಪ್ಟೆರಾ ಎಂಬ ಹೆಸರಿಟ್ಟರು. ಅಷ್ಟು ಭಾರದ ಮೈಯನ್ನು ನೀರಿನಿಂದ ಮೇಲಕ್ಕೆಸೆದು ದಬ್ಬನೆ ಬೀಳುವುದು ಅದರ ಹೆಸರಾದ ಆಟ. ಕೆಲವು ಕಡೆ ಇವು ಕೂಡಿ ಬೇಟೆಯಾಡುತ್ತವೆ. ಮೀನಿನ ಹಿಂಡಿನ ಸುತ್ತ ಕೆಳಗಿನಿಂದ ಗುಳ್ಳೆ ಬಿಡುತ್ತ ಸುತ್ತುತ್ತವೆ. ಗುಳ್ಳೆಗಳೇ ಬಲೆಯಂತೆ ಮೀನನ್ನು ಒತ್ತಟ್ಟಿಗೆ ತಂದಾಗ ಬಾಯಿ ತೆರೆದು ಮೇಲೇಳುತ್ತವೆ.

ಎಲ್ಲಕ್ಕಿಂತ ಮಿಗಿಲಾದದ್ದು ಅದರ ವಲಸೆ. ಬೇಸಿಗೆಯಲ್ಲಿ ಧ್ರುವದ ಕಡೆಯ ತಣ್ಣನೆಯ ನೀರಿನಲ್ಲಿ ಹೊಟ್ಟೆ ತುಂಬಿಸಿಕೊಂಡು, ಚಳಿಗಾಲಕ್ಕೆ ಸಾವಿರಾರು ಕಿಲೋಮೀಟರ್ ಈಜಿ ಉಷ್ಣವಲಯಕ್ಕೆ ಬಂದು, ಅಲ್ಲಿ ಕೂಡಿ, ಮರಿ ಹಾಕಿ ಹಿಂತಿರುಗುತ್ತದೆ. ಬಿಸಿ ನೀರಿನಲ್ಲಿರುವ ತಿಂಗಳುಗಳಲ್ಲಿ ಬಹುತೇಕ ಉಪವಾಸ. ಜಗತ್ತಿನ ಎಲ್ಲ ಸಾಗರಗಳಲ್ಲೂ ಇದೇ ಪದ್ಧತಿ, ಒಂದನ್ನು ಬಿಟ್ಟು. ಅದು ನಮ್ಮ ಪಡುಗಡಲು.

ಈ ಕಡಲಿನ ತಿಮಿಂಗಿಲಗಳ ಸುದ್ದಿ ಹಳೆಯದು. ಕ್ರಿ.ಪೂ. 325ರಲ್ಲಿ ಅಲೆಕ್ಸಾಂಡರನ ನೌಕಾಧಿಪತಿ ನಿಯಾರ್ಕಸ್ ಸಿಂಧೂ ಮುಖದಿಂದ ಪರ್ಶಿಯಾಕ್ಕೆ ಹೊರಟಾಗ, ಮಕ್ರಾನ್ ತೀರದಲ್ಲಿ ನೀರು ಮೇಲಕ್ಕೆ ಚಿಮ್ಮುವುದನ್ನು ಕಂಡು ಅಂಬಿಗರ ಕೈಯಿಂದ ಹುಟ್ಟು ಜಾರಿತಂತೆ. ಆತ ಯುದ್ಧಕ್ಕೆ ನಿಲ್ಲಿಸುವಂತೆ ಹಡಗುಗಳನ್ನು ಸಾಲಾಗಿಸಿ, ಕಹಳೆ ಊದಿಸಿ, ಎಲ್ಲರಿಂದ ಕೂಗೆಬ್ಬಿಸಿದ. ತಿಮಿಂಗಿಲಗಳು ಮುಳುಗಿ ಹಿಂದೆಲ್ಲೋ ಎದ್ದವು. ಇದನ್ನು ಬರೆದಿಟ್ಟ ಅರ್ರಿಯನ್ ಅವು ಯಾವ ಜಾತಿಯವೆಂದು ಹೇಳಿಲ್ಲ. ಕಾಳಿದಾಸನ ‘ರಘುವಂಶ’ದ ಹದಿಮೂರನೆಯ ಸರ್ಗದಲ್ಲಿ ಪುಷ್ಪಕ ವಿಮಾನದಿಂದ ರಾಮ ಸೀತೆಗೆ ಸಮುದ್ರ ತೋರಿಸುವಾಗ, ಬಾಯಿ ತೆರೆದು ಜೀವಜಂತುಗಳ ಸಮೇತ ನೀರು ತುಂಬಿಕೊಂಡು, ಬಾಯಿ ಮುಚ್ಚಿ, ತಲೆಯ ರಂಧ್ರಗಳಿಂದ ನೀರು ಚಿಮ್ಮಿಸುವ ‘ತಿಮಿ’ಗಳು ಬರುತ್ತವೆ. ಚಿಮ್ಮುವುದು ನೀರಲ್ಲ, ಉಸಿರಿನ ಆವಿ ಎಂಬುದೊಂದನ್ನು ಬಿಟ್ಟರೆ ಕವಿಯ ವರದಿಗಾರಿಕೆಯಲ್ಲಿ ದೊಡ್ಡ ದೋಷವಿಲ್ಲ. ಆ ತಿಮಿಯನ್ನೂ ನುಂಗುವಂಥದ್ದು ತಿಮಿಂಗಿಲ.

ಕಡಲು ಕಾಣದ ನಮ್ಮ ಸೀಮೆಯ ಶಿಲ್ಪಿ ಇನ್ನೊಂದು ದಾರಿ ಹಿಡಿದ. ಇದೇ ಕೊಪ್ಪಳ ಜಿಲ್ಲೆಯ ಇಟಗಿಯಲ್ಲಿ, ಆರನೆಯ ವಿಕ್ರಮಾದಿತ್ಯನ ದಂಡನಾಯಕ ಮಹಾದೇವ 1112ರಲ್ಲಿ ಕಟ್ಟಿಸಿದ ಗುಡಿಯ ತೋರಣದಲ್ಲಿ ಮಕರಗಳಿವೆ. ಮೊಸಳೆಯ ಬಾಯಿ, ಆನೆಯ ಸೊಂಡಿಲು, ಬಳ್ಳಿಯಂತೆ ಸುರುಳಿಗೊಂಡ ಬಾಲ: ಸಮುದ್ರದ ದೊಡ್ಡ ಜೀವಿ ಹೇಗಿರಬೇಕೆಂದು ಊಹಿಸಿ ಕಡೆದ ರೂಪ. ನಿಜವಾದ ಪ್ರಾಣಿ ಆ ಊಹೆಗಿಂತ ಕಡಿಮೆ ವಿಚಿತ್ರವೇನಲ್ಲ.

ಈಗ 1966ರ ನವೆಂಬರಿಗೆ ಬರಬೇಕು. ಸೋವಿಯತ್ ಒಕ್ಕೂಟದ ಸ್ಲಾವಾ ಮತ್ತು ಸೊವೆಟ್‌ಸ್ಕಾಯಾ ಉಕ್ರೈನಾ ಎಂಬ ಕಾರ್ಖಾನೆ ಹಡಗುಗಳು ಬೇಟೆದೋಣಿಗಳ ಪಡೆಯೊಂದಿಗೆ ಅಂಟಾರ್ಕ್ಟಿಕದ ದಾರಿ ಹಿಡಿದಿದ್ದವು. ದಾರಿಯಲ್ಲಿ ಅರಬ್ಬಿ ಸಮುದ್ರ. ಗೂನು ತಿಮಿಂಗಿಲದ ವಾಣಿಜ್ಯ ಬೇಟೆಗೆ ಅಂತರರಾಷ್ಟ್ರೀಯ ತಿಮಿಂಗಿಲ ಆಯೋಗ ಆ ಹೊತ್ತಿಗೆ ನಿಷೇಧ ಹಾಕಿತ್ತು. ಆದರೂ ಒಮಾನ್, ಪಾಕಿಸ್ತಾನ ಮತ್ತು ಭಾರತದ ವಾಯವ್ಯ ಕರಾವಳಿಯಾಚೆ ಅವು ಕೊಂದ ಗೂನು ತಿಮಿಂಗಿಲಗಳು, ಹಿಂದಿನ ವರ್ಷದ ಕೆಲವನ್ನು ಸೇರಿಸಿ, 242. ಆಯೋಗಕ್ಕೆ ಇದರ ಸುಳಿವನ್ನೂ ಕೊಡಲಿಲ್ಲ. ಸುಳ್ಳು ಲೆಕ್ಕ ಅಲ್ಲಿಗೇ ನಿಲ್ಲುವುದಿಲ್ಲ: ದಕ್ಷಿಣ ಗೋಳಾರ್ಧದಲ್ಲಿ ತಾನು ಕೊಂದ ಗೂನು ತಿಮಿಂಗಿಲಗಳು 2,710 ಎಂದು ಸೋವಿಯತ್ ಸರ್ಕಾರ ಹೇಳಿತ್ತು. ನಿಜದಲ್ಲಿ ಅವು 48,000ಕ್ಕೂ ಹೆಚ್ಚು.

ಈ ಹಡಗುಗಳಲ್ಲಿ ಜೀವವಿಜ್ಞಾನಿಗಳೂ ಇರುತ್ತಿದ್ದರು. ಅವರು ಅಳೆದರು, ಹೊಟ್ಟೆ ಬಗೆದು ನೋಡಿದರು, ನಿಜವನ್ನೇ ಬರೆದರು. ಆ ಬರಹಗಳಿಗೆ ಸರ್ಕಾರ ಗುಟ್ಟಿನ ಮುದ್ರೆ ಒತ್ತಿತು. ಕೆಲವರು ಕಡತಗಳನ್ನು ಕಾಪಾಡಿದರು. ಡ್ಮಿತ್ರಿ ತೊರ್ಮೊಸೊವ್ ಎಂಬಾತ ಅವನ್ನು ಬಚ್ಚಿಟ್ಟದ್ದು ಮನೆಯ ಆಲೂಗಡ್ಡೆ ನೆಲಮಾಳಿಗೆಯಲ್ಲಿ. ಒಕ್ಕೂಟ ಒಡೆದ ಮೇಲೆ, 1993ರಲ್ಲಿ, ಅಲೆಕ್ಸಿ ಯಾಬ್ಲೊಕೊವ್ ಈ ಮೋಸವನ್ನು ಬಹಿರಂಗಪಡಿಸಿದರು. ಅರಬ್ಬಿ ಸಮುದ್ರದ ಕಡತವನ್ನು ಯೂರಿ ಮಿಖಲೆವ್ 1997ರಲ್ಲಿ ಪ್ರಕಟಿಸಿದರು.

ಕೊಂದವರ ಲೆಕ್ಕದಲ್ಲಿ ಯಾರೂ ನಿರೀಕ್ಷಿಸದ ಸಂಗತಿ ಇತ್ತು. ಉಷ್ಣವಲಯದಲ್ಲಿ ಉಪವಾಸವಿರಬೇಕಾದ ಈ ಪ್ರಾಣಿಗಳಲ್ಲಿ ಅನೇಕವುಗಳ ಹೊಟ್ಟೆಯಲ್ಲಿ ಮೀನು ಮತ್ತು ಕ್ರಿಲ್ ಎಂಬ ಸಣ್ಣ ಸಿಗಡಿಯಂಥ ಜೀವಿಗಳಿದ್ದವು. ಬಸಿರಿನ ಮರಿಗಳ ಉದ್ದವನ್ನು ಲೆಕ್ಕ ಹಾಕಿದರೆ, ಇವುಗಳ ಬೆದೆಯ ಕಾಲ ಉತ್ತರ ಗೋಳಾರ್ಧದ್ದು. ದಕ್ಷಿಣದಿಂದ ಬಂದವಾಗಿದ್ದರೆ ಆರು ತಿಂಗಳ ಅಂತರ ಕಾಣಬೇಕಿತ್ತು. ಹಾಗೆಂದು ಉತ್ತರದ ಶೀತಕಡಲಿಗೆ ಹೋಗಲು ಏಷ್ಯಾದ ನೆಲವೇ ಅಡ್ಡ. ಮಿಖಲೆವ್ ತಲುಪಿದ ತೀರ್ಮಾನ: ಇವು ಎಲ್ಲಿಗೂ ಹೋಗುವುದಿಲ್ಲ. ವರ್ಷವಿಡೀ ಇಲ್ಲೇ ಉಂಡು, ಇಲ್ಲೇ ಮರಿ ಹಾಕುತ್ತವೆ.

ಹಾಗಾದರೆ ಬಿಸಿ ಕಡಲಿನಲ್ಲಿ ಅಷ್ಟು ದೊಡ್ಡ ಹೊಟ್ಟೆ ತುಂಬುವುದು ಹೇಗೆ? ಉತ್ತರ ಮುಂಗಾರಿನಲ್ಲಿದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನೈರುತ್ಯ ಮಾರುತ ಒಮಾನ್ ದಂಡೆಗುಂಟ ಬೀಸಿ ಮೇಲಿನ ಬಿಸಿ ನೀರನ್ನು ದಡದಿಂದಾಚೆ ತಳ್ಳುತ್ತದೆ. ಆ ಜಾಗಕ್ಕೆ ಆಳದ ತಣ್ಣೀರು ಗೊಬ್ಬರದಂಥ ಲವಣಗಳನ್ನು ಹೊತ್ತು ಮೇಲೇಳುತ್ತದೆ. ಬಿಸಿಲು ತಾಗಿದೊಡನೆ ಕಣ್ಣಿಗೆ ಕಾಣದ ಸಸ್ಯಜೀವಿಗಳ ಪೈರು. ಅದನ್ನು ತಿನ್ನಲು ಕ್ರಿಲ್, ಬೂತಾಯಿ ಮೀನು. ಅವುಗಳ ಹಿಂದೆ ತಿಮಿಂಗಿಲ. ಧ್ರುವದ ಕಡಲೇ ಗಾಳಿಯ ಮೂಲಕ ಅರಬಸ್ತಾನದ ಬಾಗಿಲಿಗೆ ಬಂದಂತೆ. ಒಮಾನಿನ ಧೋಫಾರಿನವರು ಈ ಋತುವನ್ನು ‘ಖರೀಫ್’ ಎನ್ನುತ್ತಾರೆ. ನಮ್ಮ ರೈತರು ಬಿತ್ತನೆ ಬೀಜಕ್ಕೆ ಸಾಲು ನಿಲ್ಲುವ ಖಾರಿಫ್ ಹಂಗಾಮು ಅದೇ ಅರಬ್ಬಿ ಪದ.

ಊರು ಬಿಡದವರಿಗೆ ಊರಲ್ಲಿ ಕೇಡು ಬಂದರೆ ಬೇರೆ ದಾರಿಯಿಲ್ಲ. 2014ರಲ್ಲಿ ಪ್ರಕಟವಾದ ವಂಶವಾಹಿ ಅಧ್ಯಯನವೊಂದರ ಪ್ರಕಾರ ಈ ಸಂತತಿ ಉಳಿದ ಗೂನು ತಿಮಿಂಗಿಲಗಳಿಂದ ಸುಮಾರು 70,000 ವರ್ಷಗಳಿಂದ ಬೇರ್ಪಟ್ಟಿದೆ. ಬೇಟೆ ನಿಂತ ಮೇಲೆ ಇತರ ಸಾಗರಗಳ ಅನೇಕ ಹಿಂಡುಗಳು ಚೇತರಿಸಿಕೊಂಡವು. ಇಲ್ಲಿ ಬಾಲದ ಅಡಿಯ ಕಪ್ಪು–ಬಿಳುಪಿನ ಗುರುತನ್ನು ಫೋಟೋಗಳಲ್ಲಿ ಹೋಲಿಸಿ ಒಮಾನಿನಲ್ಲಿ ಎಣಿಸಿದಾಗ ಸಿಕ್ಕ ಅಂದಾಜು 82. ಆ ಹಡಗುಗಳು ಕೊಂದದ್ದು ಇದರ ಸುಮಾರು ಮೂರು ಪಟ್ಟು. ಈಗ ಈಟಿಗಳಿಲ್ಲ; ಮೀನುಬಲೆಗಳಿವೆ, ತೈಲಹಡಗುಗಳ ಹೆದ್ದಾರಿಯಿದೆ.

ಇವು ನಮ್ಮ ದಂಡೆಗೂ ಬರುತ್ತವೆಯೇ? ಒಂದು ಗಟ್ಟಿ ಸುಳಿವು ಕಿವಿಗೆ ಬಿತ್ತು. ಗೂನು ತಿಮಿಂಗಿಲದ ಗಂಡು ಹಾಡುತ್ತದೆ. ಸ್ವರಗುಚ್ಛಗಳನ್ನು ಒಂದು ಕ್ರಮದಲ್ಲಿ ಜೋಡಿಸಿ ಗಂಟೆಗಟ್ಟಲೆ ಮರುಕಳಿಸುತ್ತದೆ. ಒಂದು ಕಡಲಿನ ಗಂಡುಗಳೆಲ್ಲ ಹೆಚ್ಚುಕಡಿಮೆ ಒಂದೇ ಹಾಡಿನವು. ರೋಜರ್ ಪೇನ್ ಮತ್ತು ಸ್ಕಾಟ್ ಮ್ಯಾಕ್‌ವೇ 1971ರಲ್ಲಿ ಇದನ್ನು ಹಾಡೆಂದೇ ನಿರೂಪಿಸಿದರು. 1977ರಲ್ಲಿ ವಾಯೇಜರ್ ನೌಕೆಗಳಲ್ಲಿ ಅಂತರಿಕ್ಷಕ್ಕೆ ಕಳಿಸಿದ ಚಿನ್ನದ ಲೇಪದ ಧ್ವನಿಮುದ್ರಿಕೆಯಲ್ಲಿ, 55 ಭಾಷೆಗಳ ಶುಭಾಶಯಗಳ ನಡುವೆ ಕನ್ನಡವೂ ಇದೆ, ಈ ತಿಮಿಂಗಿಲದ ದನಿಯೂ ಇದೆ. 2017ರ ಮಾರ್ಚ್‌ನಲ್ಲಿ ಗೋವಾ ತೀರದ ಗ್ರಾಂಡೆ ದ್ವೀಪದ ಬಳಿ ನೀರಿನೊಳಗೆ ಇಳಿಬಿಟ್ಟ ಯಂತ್ರದಲ್ಲಿ ಅದೇ ಬಗೆಯ ಹಾಡು ದಾಖಲಾಯಿತು. ಶ್ಯಾಮ್ ಮಧುಸೂದನ ಮತ್ತು ಸಂಗಡಿಗರು ಅದನ್ನು ಪ್ರಕಟಿಸಿದರು. ನೇರ ಗೆರೆ ಎಳೆದರೆ ಆ ಜಾಗ ತಾವರಗೇರಾದಿಂದ ಸುಮಾರು 300 ಕಿ.ಮೀ.

ಅದೇ ವರ್ಷದ ನವೆಂಬರಿನಲ್ಲಿ ಒಮಾನಿನ ವಿಜ್ಞಾನಿಗಳು ಹೆಣ್ಣೊಂದರ ಬೆನ್ನಿಗೆ ಉಪಗ್ರಹಕ್ಕೆ ಸಂಕೇತ ಕಳಿಸುವ ಸಾಧನ ಸಿಕ್ಕಿಸಿದರು. ಬಾಲದ ಮೇಲಿನ ಗುರುತು ಧೂಪದ ಮರದಂತಿದ್ದುದರಿಂದ ಆಕೆಗೆ ‘ಲುಬಾನ್’ ಎಂದು ಹೆಸರು. ಮೊಹರಂ ದಿನಗಳಲ್ಲಿ ನಮ್ಮೂರುಗಳ ಅಲಾಯಿ ದೇವರ ಮುಂದೆ ಹೊಗೆಯಾಡುವ ಲೋಬಾನವೂ ಅದೇ ಮಾತು. ಡಿಸೆಂಬರಿನಲ್ಲಿ ಆಕೆ ನಡುಗಡಲಿಗೆ ತಿರುಗಿದಳು. ದಡದ ಆಸರೆಯಿಲ್ಲದೆ ಅರಬ್ಬಿ ಸಮುದ್ರವನ್ನು ಅಡ್ಡಲಾಗಿ ದಾಟಿ ಭಾರತದ ಪಶ್ಚಿಮ ಕರಾವಳಿಗೆ ಬಂದು, ತೆಂಕಣಕ್ಕೆ ಇಳಿದು ಉಪಖಂಡದ ತುದಿಯವರೆಗೆ ಹೋದಳು. ಈ ಸಂತತಿಯ ಒಂದು ಪ್ರಾಣಿ ಹೀಗೆ ಕಡಲು ದಾಟಿದ್ದು ದಾಖಲಾದದ್ದು ಅದೇ ಮೊದಲು. 2018ರ ಆರಂಭದಲ್ಲಿ, ಮುಂಗಾರಿಗೆ ಇನ್ನೂ ತಿಂಗಳುಗಳಿರುವಾಗಲೇ, ಲುಬಾನ್ ಮತ್ತೆ ಒಮಾನಿನ ನೀರಿಗೆ ಮರಳಿದ್ದಳು.