ಊರು ಒಂದೇ, ಕಾಗುಣಿತ ಎರಡು

ಕೊರಿಯಾ ಯುದ್ಧದ ಬಗ್ಗೆ ಬರೆದ ಹಳೆಯ ಇಂಗ್ಲಿಷ್ ಪುಸ್ತಕಗಳಲ್ಲಿ ಪುಸಾನ್ ಎಂಬ ಬಂದರು ನಗರದ ಹೆಸರು ಮತ್ತೆ ಮತ್ತೆ ಬರುತ್ತದೆ. ಇಂದಿನ ಭೂಪಟದಲ್ಲಿ ಆ ಹೆಸರನ್ನು ಹುಡುಕಿದರೆ ಸಿಗುವುದು ಬುಸಾನ್. ಇವು ಎರಡು ಊರುಗಳಲ್ಲ. ಆ ಊರಿನ ಜನ ತಮ್ಮ ಊರಿನ ಹೆಸರು ಹೇಳುವ ರೀತಿಯೂ ಬದಲಾಗಿಲ್ಲ. ಹಾಗಾದರೆ ಬದಲಾದದ್ದು ಏನು?

ಆ ಹೆಸರಿನ ಮೊದಲ ಧ್ವನಿಯನ್ನು ಗಮನಿಸಿ. ಅದು ನಮ್ಮ ‘ಪ’ಕಾರವೂ ಅಲ್ಲ, ‘ಬ’ಕಾರವೂ ಅಲ್ಲ, ಎರಡರ ನಡುವಿನದು. 1939ರಲ್ಲಿ ಇಬ್ಬರು ಅಮೆರಿಕನ್ನರು, ಮೆಕ್ಯೂನ್ ಮತ್ತು ರೈಶಾವರ್, ಪ್ರಕಟಿಸಿದ ಪದ್ಧತಿ ಅದನ್ನು ರೋಮನ್ ಲಿಪಿಯ ‘ಪಿ’ಯಿಂದ ಬರೆಯಿತು. ದಕ್ಷಿಣ ಕೊರಿಯಾ ಸರ್ಕಾರ 2000ದಲ್ಲಿ ತಂದ ಹೊಸ ಪದ್ಧತಿ ‘ಬಿ’ಯನ್ನು ಆರಿಸಿತು. ಹೆಸರಿನ ಅರ್ಥ ಮಾತ್ರ ಅಂದೂ ಇಂದೂ ಒಂದೇ. ‘ಬು’ ಎಂದರೆ ಕಡಾಯಿ, ‘ಸಾನ್’ ಎಂದರೆ ಬೆಟ್ಟ. ಕಡಾಯಿ ಬೆಟ್ಟದ ಊರು.

ಈಗ ನಮ್ಮ ಊರಿಗೆ ಬನ್ನಿ. ಬೆಂಗಳೂರಿನ ಕಥೆಯೂ ಬಹುಮಟ್ಟಿಗೆ ಇದೇ. ಇಂಗ್ಲಿಷರ ಕಿವಿಗೆ ಬಿದ್ದ ಹೆಸರು ಅವರ ಕಾಗದಪತ್ರಗಳಲ್ಲಿ ಬ್ಯಾಂಗಲೋರ್ ಆಯಿತು. ‘ಬೆ’ ಹೋಗಿ ‘ಬ್ಯಾ’ ಬಂತು, ‘ಳ’ಕಾರ ‘ಲ’ಕಾರವಾಯಿತು, ಕೊನೆಯ ಉಕಾರ ಬಿದ್ದುಹೋಯಿತು. ಮಂಗಳೂರಿಗೂ ಇದೇ ಗತಿಯಾಯಿತು. 1791ರಲ್ಲಿ ಕಾರ್ನ್‌ವಾಲಿಸನ ಸೈನ್ಯ ಬೆಂಗಳೂರಿನ ಕೋಟೆಯನ್ನು ಹಿಡಿಯಿತು. 1809ರಲ್ಲಿ ದಂಡುಪ್ರದೇಶ ಸ್ಥಾಪನೆಯಾಯಿತು. ಸೈನ್ಯ, ಕಚೇರಿ, ರೈಲು, ಅಂಚೆ ಎಲ್ಲದರ ಮೂಲಕ ಆ ಕಾಗುಣಿತ ಗಟ್ಟಿಯಾಗಿ ನಿಂತಿತು. ಕನ್ನಡದಲ್ಲಿ ಮಾತನಾಡುವವರ ಬಾಯಲ್ಲಿ ಮಾತ್ರ ಬೆಂಗಳೂರು ಬೆಂಗಳೂರಾಗಿಯೇ ಉಳಿಯಿತು.

ಈ ಹೆಸರಿನ ಅರ್ಥವೇನು? ಹೊಯ್ಸಳ ವೀರಬಲ್ಲಾಳ ಕಾಡಿನಲ್ಲಿ ದಾರಿ ತಪ್ಪಿದನೆಂದೂ, ಮುದುಕಿಯೊಬ್ಬಳು ಬೇಯಿಸಿದ ಕಾಳು ಕೊಟ್ಟಳೆಂದೂ, ಅದರಿಂದ ‘ಬೆಂದಕಾಳೂರು’ ಆಯಿತೆಂದೂ ನೀವು ಕೇಳಿರಬಹುದು. ಕಥೆ ಸೊಗಸಾಗಿದೆ. ಆದರೆ ಅದನ್ನು ಒಂದು ಕಲ್ಲಿನ ಪಕ್ಕದಲ್ಲಿಟ್ಟು ಪರೀಕ್ಷಿಸೋಣ. ಬಿ.ಟಿ.ಎಂ. ಬಡಾವಣೆಯಿಂದ ದಕ್ಷಿಣಕ್ಕೆ ಕೆಲವೇ ಕಿಲೋಮೀಟರ್ ದೂರದ ಬೇಗೂರಿನಲ್ಲಿ, ನಾಗೇಶ್ವರ ದೇವಾಲಯದ ಆವರಣದಲ್ಲಿ, ಗಂಗರ ಕಾಲದ ವೀರಗಲ್ಲು ಶಾಸನವೊಂದಿದೆ. ಕಾಲ ಸುಮಾರು ಕ್ರಿ.ಶ. 890. ಬೆಂಗಳೂರಿನ ಕಾಳಗದಲ್ಲಿ ನಾಗತ್ತರನ ಕಡೆಯ ವೀರನೊಬ್ಬ ಮಡಿದನೆಂದು ಅದು ತಿಳಿಸುತ್ತದೆ. ಇಮ್ಮಡಿ ವೀರಬಲ್ಲಾಳ ಪಟ್ಟಕ್ಕೆ ಬಂದದ್ದು 1173ರಲ್ಲಿ. ಎಂದರೆ ಅವನಿಗಿಂತ ಸುಮಾರು 280 ವರ್ಷ ಮೊದಲೇ ಊರಿಗೆ ಈ ಹೆಸರಿತ್ತು! ಬೆಂಗ ಮರದಿಂದ ಹೆಸರು ಬಂತೆಂಬ ವಾದವಿದೆ, ಬೆಣಚುಕಲ್ಲಿನಿಂದ ಬಂತೆಂಬ ವಾದವೂ ಇದೆ. ಅರ್ಥದ ಚರ್ಚೆ ಮುಗಿದಿಲ್ಲ; ಹೆಸರಿನ ವಯಸ್ಸಿಗೆ ಮಾತ್ರ ಕಲ್ಲಿನ ಸಾಕ್ಷಿಯಿದೆ.

ಇಂಗ್ಲಿಷಿನಲ್ಲೂ ಕನ್ನಡದ ಹೆಸರೇ ಇರಲಿ ಎಂದು ಸಾಹಿತಿ ಯು.ಆರ್. ಅನಂತಮೂರ್ತಿಯವರು ಸಲಹೆ ಕೊಟ್ಟರು. 2005ರ ಡಿಸೆಂಬರಿನಲ್ಲಿ ರಾಜ್ಯ ಸರ್ಕಾರ ಅದನ್ನು ಒಪ್ಪಿಕೊಂಡಿತು. ಕೇಂದ್ರದ ಅನುಮತಿ ಬಂದು, 2014ರ ನವೆಂಬರ್ 1ರಂದು ರಾಜ್ಯದ 12 ಊರುಗಳ ಹೆಸರು ಅಧಿಕೃತವಾಗಿ ಬದಲಾದವು. ಅದೇ ವರ್ಷದ ಆಗಸ್ಟಿನಲ್ಲಿ ಅನಂತಮೂರ್ತಿಯವರು ತೀರಿಕೊಂಡಿದ್ದರು.

ಆದರೆ ಹಳೆಯ ಕಾಗುಣಿತಗಳು ಒಂದೇ ದಿನಕ್ಕೆ ಹೋಗುವುದಿಲ್ಲ. ಬುಸಾನಿನ ಚಲನಚಿತ್ರೋತ್ಸವ 2011ರಲ್ಲಿ ‘ಬಿ’ಗೆ ಬದಲಾಯಿತು, ಅಲ್ಲಿನ ರಾಷ್ಟ್ರೀಯ ವಿಶ್ವವಿದ್ಯಾಲಯ ಮತ್ತು ವಿಮಾನ ನಿಲ್ದಾಣದ ಸಂಕೇತಾಕ್ಷರಗಳಲ್ಲಿ ‘ಪಿ’ಯೇ ಇದೆ. ನಮ್ಮಲ್ಲೂ 2024ರ ಲೋಕಸಭಾ ಚುನಾವಣೆಯ ಇಂಗ್ಲಿಷ್ ದಾಖಲೆಗಳಲ್ಲಿ ದಕ್ಷಿಣ ಕ್ಷೇತ್ರದ ಹೆಸರು ‘ಬ್ಯಾಂಗಲೋರ್ ಸೌತ್’ ಎಂದೇ ಇತ್ತು. ಇನ್ನೊಂದು ಮಾತು: ಹೊಸ ರೋಮನ್ ಕಾಗುಣಿತವೂ ಪೂರ್ಣವಲ್ಲ. ‘ಳೂ’ ಎಂಬ ದೀರ್ಘಕ್ಕೂ ‘ರು’ ಎಂಬ ಹ್ರಸ್ವಕ್ಕೂ ಅದರಲ್ಲಿ ಒಂದೇ ‘ಯು’ ಅಕ್ಷರ. ‘ಳ’ ಮತ್ತು ‘ಲ’ಗಳಿಗೂ ಅದರಲ್ಲಿ ಭೇದವಿಲ್ಲ. ಒಂದು ಭಾಷೆಯ ಧ್ವನಿಯನ್ನು ಇನ್ನೊಂದರ ಲಿಪಿಯಲ್ಲಿ ಅಳೆಯುವಾಗ ಇಂಥ ಕೊರತೆ ಉಳಿದೇ ಉಳಿಯುತ್ತದೆ.

ಹಾಗಾದರೆ ಈ ಶ್ರಮವೆಲ್ಲ ಏಕೆ ಎಂದು ನೀವು ಕೇಳಬಹುದು. ಬಿ.ಟಿ.ಎಂ. ಎಂಬ ಮೂರು ರೋಮನ್ ಅಕ್ಷರಗಳನ್ನೇ ನೋಡಿ. ಅವು ಬೈರಸಂದ್ರ, ತಾವರೆಕೆರೆ, ಮಡಿವಾಳ ಎಂಬ ಮೂರು ಹಳ್ಳಿಗಳು. ‘ಸಂದ್ರ’ ಎಂದರೆ ಸಮುದ್ರ. ದೊಡ್ಡ ಕೆರೆಯನ್ನು ನಮ್ಮ ಹಿರಿಯರು ಹಾಗೆಯೇ ಕರೆಯುತ್ತಿದ್ದರು. ಇನ್ನು ತಾವರೆಕೆರೆಯ ಅರ್ಥವನ್ನು ಬಿಡಿಸಿ ಹೇಳಬೇಕಿಲ್ಲ. ನೀರಿನ ನೆನಪುಳ್ಳ ಎರಡು ಹೆಸರುಗಳು ಎರಡು ಅಕ್ಷರಗಳಾಗಿ ಕುಗ್ಗಿವೆ. ಪೂರ್ತಿ ಹೆಸರು ಹೇಳುವ ಹುಡುಗ ‘ಇಲ್ಲಿ ಕೆರೆ ಎಲ್ಲಿತ್ತು?’ ಎಂದು ಕೇಳಿಯಾನು, ಬಿ.ಟಿ.ಎಂ. ಎಂದಷ್ಟೇ ಹೇಳುವವನಿಗೆ ಆ ಪ್ರಶ್ನೆಯೇ ಹುಟ್ಟದು.

ಒಂದು ಭಾನುವಾರ ಬೇಗೂರಿಗೆ ಹೋಗಿ ಬನ್ನಿ. ಜೊತೆಗೆ ನಿಮ್ಮ ಬಡಾವಣೆಯ ಹಿರಿಯರೊಬ್ಬರನ್ನು, ಈ ಜಾಗಕ್ಕೆ ಮೊದಲು ಏನೆನ್ನುತ್ತಿದ್ದರು ಎಂದು ಕೇಳಿ. ಅವರು ಹೇಳಿದ್ದನ್ನು ಕನ್ನಡ ಲಿಪಿಯಲ್ಲಿ, ಹೇಳಿದ ಹಾಗೆಯೇ ಬರೆದಿಡಿ.